ಕಡೇ ಸಾಲಿಗೆ ಕೇಳಬೇಕು

ಸಿಂಚನಾ, ಪ್ರಣವ್,

ಹೋದ ಶುಕ್ರವಾರ ಸಂಜೆ ಟಿವಿಯಲ್ಲಿ ಒಬ್ಬ ನಟಿ ತೀರಿಹೋದ ಸುದ್ದಿ ಬಂತು. ಆಕೆಯ ಹಳೆಯ ಧಾರಾವಾಹಿಯ ಒಂದು ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ಕಾಣೆಯಾದ ಗಂಡನನ್ನು ಹುಡುಕಿಕೊಡಿ ಎಂದು ಒಬ್ಬ ಹೆಂಗಸು ಪೊಲೀಸ್ ಠಾಣೆಗೆ ಬಂದಿದ್ದಾಳೆ. ಪೊಲೀಸಿನವನು ಗಂಡನ ಹೆಸರು ಕೇಳುತ್ತಾನೆ. ಆಕೆ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ, ಕೊನೆಗೆ ಪಕ್ಕದಲ್ಲಿ ನಿಂತ ಮಗನ ಮುಖ ನೋಡುತ್ತಾಳೆ. ಅಷ್ಟೇ.

ಪ್ರಣವ್, ಆಗ ನೀನು ಕೇಳಿದೆ: "ಅಜ್ಜಿ, ಆ ಆಂಟಿಗೆ ಗಂಡನ ಹೆಸ್ರೇ ಗೊತ್ತಿಲ್ವಾ?" ನಿಮ್ಮಮ್ಮ ನಕ್ಕಳು. ನಾನು ಎದ್ದು ಅಡುಗೆಮನೆಗೆ ಹೋದೆ. ಸಿಂಚನಾ, ನೀನು ನನ್ನ ಹಿಂದೆಯೇ ಬಂದು, ಮುಖ ನೋಡಿ, ವಾಪಸು ಹೋದೆ.

ಪ್ರಣವ್, ನೀನು ಹೇಳಿದ್ದು ಸರಿ. ಆಕೆಗೆ ಆ ಹೆಸರು ನಿಜವಾಗಿಯೂ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎನ್ನುವುದು ಇಷ್ಟು ವರ್ಷ ಇಬ್ಬರಿಗೆ ಮಾತ್ರ ತಿಳಿದಿತ್ತು. ಈಗ ನನ್ನೊಬ್ಬಳಿಗೆ. ನನ್ನ ಜೊತೆಗೇ ಹೋಗಿಬಿಡಬಾರದು ಎಂದು ಬರೆಯುತ್ತಿದ್ದೇನೆ. ಎದುರು ಕೂರಿಸಿಕೊಂಡು ಹೇಳುವ ಧೈರ್ಯ ನನಗಿಲ್ಲ, ನಿಮಗೆ ಗೊತ್ತಲ್ಲ. ಆಕೆಯ ಹೆಸರನ್ನು ಈ ಹಾಳೆಗಳಲ್ಲಿ ಎಲ್ಲೂ ಬರೆಯುವುದಿಲ್ಲ. ನೀವು ಮುಖ ನೋಡಿದ್ದೀರಿ, ಗುರುತು ಇದ್ದರೆ ನಿಮ್ಮಲ್ಲೇ ಇರಲಿ. ಕಾರಣ ಓದುತ್ತಾ ತಿಳಿಯುತ್ತದೆ.

ಈಗ ನಿಮ್ಮಪ್ಪ ಕಾರು ನಿಲ್ಲಿಸುವ ಜಾಗದಲ್ಲಿ ಆಗ ಹೆಂಚಿನ ಎರಡು ಕೋಣೆಗಳಿದ್ದವು. ಒಂದರಲ್ಲಿ ಹಲಸೂರಿನ ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುವ ಮರಗದಮ್ಮ ಇದ್ದಳು. ಇನ್ನೊಂದು ಖಾಲಿ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ನಿಮ್ಮಪ್ಪ ಕಾಲೇಜಿಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಹಸಿರು ಬಣ್ಣ ಬಳಿದ ತಗಡಿನ ಟ್ರಂಕನ್ನು ಆಟೋದಿಂದ ತಾನೇ ಇಳಿಸಿಕೊಂಡು, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಗೇಟಿನ ಹತ್ತಿರ ನಿಂತಳು. ಮನೆ ಬಾಡಿಗೆಗೆ ಇದೆಯಾ ಎಂದು ಕೇಳಿದಳು. ಏನು ಕೆಲಸ ಎಂದೆ.

"ನಾಟಕದಾಕಿ ರೀ. ಮೊದಲ ಹೇಳಿಬಿಡ್ತೀನಿ, ಆಮ್ಯಾಲ ಗೊತ್ತಾಗಿ ಬಿಡಸೂದು ಬ್ಯಾಡ."

ಕಾಕ್ಸ್ ಟೌನಿನಲ್ಲಿ ಎರಡು ಮನೆಗಳಲ್ಲಿ ಅದೇ ಕಾರಣಕ್ಕೆ ಇಲ್ಲ ಎಂದಿದ್ದರಂತೆ. ನನಗೂ ಇಲ್ಲ ಎನ್ನಬೇಕೆಂದು ಅನ್ನಿಸಿತು. ಆದರೆ ಮುಖ ನೋಡಿಕೊಂಡು ಇಲ್ಲ ಎನ್ನಲು ನಾಚಿಕೆಯಾಗಿ ಹೂಂ ಎಂದುಬಿಟ್ಟೆ. ನನ್ನ ನಾಚಿಕೆಯಿಂದ ನನಗೆ ಆದ ಒಂದೇ ಒಂದು ಒಳ್ಳೆಯದು ಅದು.

ಮಾರನೆಯ ದಿನ ನಲ್ಲಿಯಲ್ಲಿ ನೀರು ಬಂದಾಗ ಆಕೆ ಹಿತ್ತಲಿನಿಂದ "ಅಕ್ಕಾರ, ನೀರು ಬಂದೂವು" ಎಂದು ಕರೆದಳು. ನಮ್ಮ ಬೀದಿಯಲ್ಲಿ ಮಾತ್ರವಲ್ಲ, ಹಿಂದಿನ ಬೀದಿಯಲ್ಲೂ ಜನ ಬಿಂದಿಗೆ ಹಿಡಿದು ಹೊರಗೆ ಬಂದರು. ಮರಗದಮ್ಮ ಕಿವಿ ಮುಚ್ಚಿಕೊಂಡು, ಈಯಮ್ಮ ಇದ್ರೆ ದೇವಸ್ಥಾನಕ್ಕೆ ಗಂಟೆ ಬೇಡ ಎಂದಳು. ಆಕೆ ಕೂಗಿರಲೇ ಇಲ್ಲ. ಸುಮ್ಮನೆ ಮಾತಾಡಿದ್ದಳು. ಆಕೆಯ ಮಾತೇ ಹಾಗೆ.

ಅದಕ್ಕೆ ಕಾರಣವಿತ್ತು. ಆಕೆ ಹುಟ್ಟಿದ್ದು ಕೊಪ್ಪಳದ ಕಡೆ, ಊರೂರು ತಿರುಗುವ ನಾಟಕ ಕಂಪನಿಯ ಬಿಡಾರದಲ್ಲಿ. ತಾಯಿಯೂ ಅದೇ ಕಂಪನಿಯ ನಟಿ. ವೇಷದ ಬಟ್ಟೆಗಳ ಟ್ರಂಕೇ ತೊಟ್ಟಿಲು. ಆ ಹಸಿರು ಟ್ರಂಕು ಅದೇ. ಐದನೇ ವರ್ಷಕ್ಕೆ ರಂಗಕ್ಕೆ ಹತ್ತಿಸಿದರು. ಮೊದಲ ಪಾತ್ರ ಸತ್ತ ಮಗು. ತಾಯಿಯ ಪಾತ್ರದವರು ತೊಡೆಯ ಮೇಲೆ ಮಲಗಿಸಿಕೊಂಡು ಅಳುತ್ತಿದ್ದಾಗ ಒಂದು ಸೊಳ್ಳೆ ಬಂದು ಈಕೆಯ ಮೂಗಿನ ಮೇಲೆ ಕೂತಿತಂತೆ. ತಡೆದು ತಡೆದು ಕೊನೆಗೆ ಸತ್ತ ಮಗು ಪಟ್ಟನೆ ಸೊಳ್ಳೆ ಹೊಡೆಯಿತು. ಟೆಂಟಿಗೆ ಟೆಂಟೇ ನಕ್ಕಿತು. ಬೈಯುತ್ತಾರೆ ಎಂದು ಹೆದರಿ ಪರದೆಯ ಹಿಂದೆ ಅವಿತಿದ್ದ ಮಗುವನ್ನು ಕಂಪನಿಯ ಮಾಸ್ತರರು ಎತ್ತಿಕೊಂಡು ಹೇಳಿದ್ದು ಒಂದೇ ಮಾತು: ನಾಳೆ ಸೊಳ್ಳೆ ಬರೂದಕಿಂತ ಮೊದಲ ಸಾಯಿ.

ಆಮೇಲೆ ರಾಜಕುಮಾರನಾದಳು, ರಾಜಕುಮಾರಿಯಾದಳು, ಹದಿನಾರಕ್ಕೆ ನಾಯಕಿ, ಮೂವತ್ತಕ್ಕೆ ಮಲತಾಯಿ. ಮೈಕು ಕೆಟ್ಟರೂ, ಇಲ್ಲದಿದ್ದರೂ, ಕಡೇ ಸಾಲಿನಲ್ಲಿ ಕೂತವನಿಗೆ ಕೇಳಬೇಕು. ಕಡೇ ಸಾಲಿನವನು ಹೊಲದಿಂದ ನೇರ ಬಂದವನು, ಅರ್ಧ ನಿದ್ದೆಯಲ್ಲಿರುತ್ತಾನೆ, ಮುಂದಿನವರು ಕೈ ತಟ್ಟಿದರೆ ದೊಡ್ಡದಲ್ಲ, ಅವನು ಎದ್ದು ಕೂರಬೇಕು ಎನ್ನುತ್ತಿದ್ದಳು. ಮನೆಮನೆಗೆ ಟಿವಿ ಬಂದ ಮೇಲೆ ಮೊದಲು ಖಾಲಿಯಾದದ್ದು ಆ ಕಡೇ ಸಾಲು. ಆಮೇಲೆ ಟೆಂಟೇ ಖಾಲಿಯಾಯಿತು. ಕಂಪನಿ ಮುಚ್ಚಿದ ದಿನ ಪಾಲಿಗೆ ಬಂದ ಟ್ರಂಕು ಹೊತ್ತು, ಜನ ಎಲ್ಲಿ ಹೋದರೋ ಅಲ್ಲಿಗೇ ಹೋಗುತ್ತೇನೆಂದು ಬೆಂಗಳೂರಿನ ಬಸ್ಸು ಹತ್ತಿದಳು. ಜನ ಟಿವಿಯ ಮುಂದೆ ಹೋಗಿದ್ದರು.

ಟಿವಿ ಆಕೆಯನ್ನು ಕೂಡಲೇ ಸೇರಿಸಿಕೊಳ್ಳಲಿಲ್ಲ. ಮೊದಲ ಧಾರಾವಾಹಿಯಲ್ಲಿ ಹಾಲು ಮಾರುವವಳ ಪಾತ್ರ, ಒಂದೇ ಸಾಲು. ಹೇಳಿದ ಕೂಡಲೇ ಧ್ವನಿ ಹಿಡಿಯುವ ಹುಡುಗ ಕಿವಿಯಲ್ಲಿದ್ದುದನ್ನು ಕಿತ್ತೆಸೆದನಂತೆ. ಆ ವರ್ಷವೆಲ್ಲ ನನ್ನ ಅಡುಗೆಮನೆಯಲ್ಲಿ ಆಕೆಯ ಪಾಠ ನಡೆಯಿತು. ಒಲೆಯ ಆ ಕಡೆ ಆಕೆ, ಈ ಕಡೆ ನಾನು. ಮಾತು ನನಗೆ ಕೇಳಬೇಕು, ನಡುಮನೆಯಲ್ಲಿ ಓದುತ್ತಾ ಕೂತ ನಿಮ್ಮಪ್ಪನಿಗೆ ಕೇಳಬಾರದು. ಅವನು ಅಲ್ಲಿಂದ "ಕೇಳಿಸ್ತು" ಎಂದು ಕೂಗಿದರೆ ಸೋತಂತೆ. ಎಷ್ಟು ದಿನ ಸೋತಳೋ ಲೆಕ್ಕವಿಲ್ಲ. "ಮೈಕು ಬಾಯಿ ಹತ್ರನ ಬಂದೈತ್ರಿ ಅಕ್ಕಾರ, ನಾ ಇನ್ನೂ ಹೊಲದಾಗಿನವಗ ಹೇಳಾಕತ್ತೀನಿ" ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಒಂದು ದಿನ ಆಕೆ ಹೇಳಿ ಮುಗಿಸಿದಾಗ ನನಗೆ ಕಣ್ಣು ತುಂಬಿತ್ತು, ನಡುಮನೆಯಿಂದ ಸದ್ದಿಲ್ಲ. ಇಬ್ಬರೂ ಮೆಲ್ಲಗೆ ಇಣುಕಿ ನೋಡಿದೆವು. ನಿಮ್ಮಪ್ಪ ನಿದ್ದೆ ಮಾಡುತ್ತಿದ್ದ. ಅದು ಲೆಕ್ಕಕ್ಕಿಲ್ಲ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮುಂದೆ ಸ್ವಲ್ಪ ಉದ್ದದ ಪಾತ್ರಗಳು ಬಂದವು. ಹಿಂದಿನ ಸಂಜೆಯೇ ಮಾತು ಬರೆದ ಕಾಗದ ಮನೆಗೆ ಬರುತ್ತಿತ್ತು. ಒಂದು ಸಂಜೆ ಅದನ್ನು ಹಿಡಿದುಕೊಂಡು ಬಂದು, ಕನ್ನಡಕ ಒಡೆದಿದೆ, ಒಂದೀಟು ಓದಿ ಹೇಳಿ ಎಂದಳು. ನಾನು ಏಳನೆಯವರೆಗೆ ಓದಿದವಳು, ಕೆ.ಆರ್. ಪುರದ ಆಚೆ ನಮ್ಮೂರ ಶಾಲೆಯಲ್ಲಿ. ಒಮ್ಮೆ ತನಿಖೆಯ ಸಾಹೇಬರು ಬಂದಾಗ ಮೇಷ್ಟ್ರು ನನ್ನನ್ನು ಎಬ್ಬಿಸಿ ಪಾಠ ಓದು ಎಂದರು. ಅಕ್ಷರಗಳೆಲ್ಲ ಗೊತ್ತಿದ್ದವು. ದನಿ ಮಾತ್ರ ಹೊರಡಲಿಲ್ಲ. ಕೂತ್ಕೋ ಎನ್ನುವವರೆಗೂ ಬಾಯಿ ತೆರೆದುಕೊಂಡೇ ನಿಂತಿದ್ದೆ. ಅಂದಿನಿಂದ ಯಾರೆದುರೂ ಗಟ್ಟಿಯಾಗಿ ಓದಿರಲಿಲ್ಲ.

ಆದರೂ ಓದಿದೆ, ತಲೆ ಎತ್ತದೆ, ಒಂದೇ ದನಿಯಲ್ಲಿ. ಚೆನ್ನಾಗಿ ಬರಲಿಲ್ಲ ಅಲ್ವಾ ಎಂದೆ.

"ಹಿಂಗ ಬೇಕ್ರಿ," ಎಂದಳು. "ಉಪ್ಪು ಹಾಕಬ್ಯಾಡ್ರಿ. ಉಪ್ಪು ನಾ ಹಾಕ್ಕೋತೀನಿ."

ಅದು ಅವರೆಕಾಯಿಯ ಕಾಲ. ನಾನು ಓದುತ್ತಿದ್ದಾಗ ಆಕೆ ಎದುರು ಕೂತು ಕಾಯಿ ಸುಲಿಯುತ್ತಿದ್ದಳು. ಒಂದು ಮಾತಿಗೆ ಒಂದು ಕಾಳನ್ನು ನೆಲದ ಮೇಲೆ ಇಡುವಳು. ಮಾತು ತನ್ನದಾದರೆ ತನ್ನ ಕಡೆ, ಬೇರೆಯವರದಾದರೆ ಆ ಕಡೆ. ಓದಿ ಮುಗಿಸಿದಾಗ ನೆಲದ ಮೇಲೆ ಕಾಳಿನ ಎರಡು ಸಾಲುಗಳು ಎದುರುಬದುರು ಕೂತಿರುತ್ತಿದ್ದವು. ಆಮೇಲೆ ಒಂದೊಂದೇ ಕಾಳನ್ನು ಮೊರಕ್ಕೆ ಹಾಕುತ್ತಾ ಇಡೀ ದೃಶ್ಯ ಹೇಳಿದಳು. ತನ್ನದು, ಮಗನದು, ನೆರೆಯವಳದು, ಎಲ್ಲರದ್ದೂ, ಒಂದು ಅಕ್ಷರ ತಪ್ಪದೆ. ನಾನು ನಡುವೆ ಕೆಮ್ಮಿದ್ದ ಕಡೆ ತಾನೂ ಕೆಮ್ಮಿದಳು. ನಾನು ಕಾಗದ ಹಿಡಿದುಕೊಂಡು ಹಾಗೆಯೇ ಕೂತುಬಿಟ್ಟೆ. ಇಷ್ಟು ವರ್ಷ ನಾನು ಓದಿದವಳು ಎಂದುಕೊಂಡಿದ್ದೆನಲ್ಲ, ನನಗೆ ಅದರಲ್ಲಿ ಎರಡು ಸಾಲು ನೆನಪಿರಲಿಲ್ಲ.

ಕನ್ನಡಕ ಮೂರು ಸಲ ಒಡೆಯಿತು. ಆಕೆಯ ಮುಖದ ಮೇಲೆ ಕನ್ನಡಕವನ್ನು ನಾನು ಎಂದೂ ನೋಡಿರಲಿಲ್ಲ. ಮೂರನೆಯ ಸಲ ಒಡೆದ ವಾರವೇ ಮುಸ್ಸಂಜೆಯ ಬೆಳಕಿನಲ್ಲಿ ಆಕೆ ಸೂಜಿಗೆ ದಾರ ಪೋಣಿಸುವುದನ್ನು ಕಂಡೆ. ಒಂದೇ ಸಲಕ್ಕೆ ಪೋಣಿಸಿದಳು. ನಾನು ನೋಡಿದ್ದನ್ನು ಆಕೆಯೂ ನೋಡಿದಳು. ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡು, ಬಾಗಿಲು ಮುಂದೆ ಮಾಡಿ, ನಿಜ ಹೇಳಿದಳು.

ಕಂಪನಿ ಮೂರು ತಿಂಗಳಿಗೊಂದು ಊರು. ಪ್ರತಿ ಊರಿನಲ್ಲೂ ಶಾಲೆಗೆ ಸೇರಿಸುತ್ತಿದ್ದರು. "ನಾಕು ಊರಾಗ ನಾಕು ಸಲ ಅ ಆ ಕಲ್ತೀನ್ರಿ. ಮುಂದಿನ ಅಕ್ಷರ ಬರೂದ್ರಾಗ ಟೆಂಟ್ ಕೀಳ್ತಿದ್ರು." ಕಂಪನಿಯಲ್ಲಿ ಪಾತ್ರವನ್ನು ಬಾಯಿಂದಲೇ ಕಲಿಸುತ್ತಿದ್ದುದರಿಂದ ಅಕ್ಷರದ ಕೊರತೆ ತಿಳಿಯಲಿಲ್ಲ. ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ. ಕಲ್ಯಾಣ ನಗರದ ಒಂದು ಬಂಗಲೆಯಲ್ಲಿ ಶೂಟಿಂಗ್. ಬಣ್ಣ ಹಚ್ಚಿಕೊಂಡು ಕೂತಾಗ ಕೈಗೆ ಕಾಗದ ಕೊಟ್ಟರು. ಒಂದ್ಸಲ ಓದಿ ಹೇಳ್ರಿ ಸಾಕು ಎಂದು ಕೇಳಿಕೊಂಡಳು. ಅಲ್ಲಿನ ಮ್ಯಾನೇಜರು ಎಲ್ಲರೆದುರಿಗೆ, "ಎಲ್ಲಿಂದ ಹಿಡ್ಕೊಂಡ್ ಬರ್ತೀರಾ ಗುರು ಇಂಥೋರ್ನ, ಓದಕ್ಕೇ ಬರಲ್ಲ" ಎಂದ. ಎಲ್ಲರೂ ನಕ್ಕರು. ಪಾತ್ರ ಬೇರೆಯವರಿಗೆ ಹೋಯಿತು. ಮುಖದ ಬಣ್ಣ ತೆಗೆಯಲು ಎಣ್ಣೆ ಕೂಡ ಕೊಡಲಿಲ್ಲ. ಅದೇ ಬಣ್ಣದಲ್ಲಿ ಸಿಟಿ ಬಸ್ಸು ಹತ್ತಿ ಬಂದಳು. ಆ ಸಂಜೆ ನನಗೆ ನೆನಪಿತ್ತು. ಬಸ್ಸಿನಲ್ಲಿ ಜನ ನೋಡಿದರೇನೋ ಎಂದು ನಾನು ಕೇಳಿದ್ದೆ. ಆಕೆ ನೇರ ನಲ್ಲಿಯ ಹತ್ತಿರ ಹೋಗಿದ್ದಳು.

ಅಂದಿನಿಂದ ತನಗೆ ಓದಲು ಬರುತ್ತದೆ ಎಂದೇ ಎಲ್ಲರಿಗೂ ಹೇಳುತ್ತಿದ್ದಳು. ಇನ್ನೊಮ್ಮೆ ಗೊತ್ತಾದರೆ ಈ ಊರಿನಲ್ಲಿ ತನಗೆ ಬಣ್ಣವಿಲ್ಲ, ಊರಲ್ಲಿ ಟೆಂಟೂ ಇಲ್ಲ ಎಂದಳು. ಅಕ್ಷರ ಕಲಿಸುತ್ತೇನೆ ಬನ್ನಿ ಎಂದು ನಿಮ್ಮಪ್ಪನ ಹಳೆಯ ಸ್ಲೇಟು ತೆಗೆದೆ. ಎರಡು ದಿನ ಕೂತು ಮೂರನೆಯ ದಿನ ಕೈ ಮುಗಿದಳು. ಕಣ್ಣಿಗೆ ಅಕ್ಷರ ಬಂದರೆ ಕಿವಿ ಹೋಗುತ್ತದೆ ಎಂದು ಆಕೆಗೆ ಭಯ. ಐದನೇ ವರ್ಷದಿಂದ ಆ ಕಿವಿಯೇ ಅನ್ನ ಹಾಕಿತ್ತು. ಕಿವಿ ನಿಮ್ಮದು, ಕಣ್ಣು ನನ್ನದು, ಹೀಗೇ ನಡೆಯಲಿ ಎಂದು ನಾನೇ ಹೇಳಿದೆ. ಸಹಿಯನ್ನು ಮಾತ್ರ ರಂಗೋಲಿಯ ಹಾಗೆ ಒಂದೇ ಎಳೆಯಲ್ಲಿ ಬಿಡಿಸಲು ಕಲಿತಿದ್ದಳು.

ಸ್ವಲ್ಪ ಹೆಸರು ಬಂದ ಮೇಲೆ ಒಮ್ಮೆ ಕಮರ್ಷಿಯಲ್ ಸ್ಟ್ರೀಟಿಗೆ ಸೀರೆ ತರಲು ಹೋಗಿದ್ದೆವು. ಅಂಗಡಿಯ ಸಾಹೇಬರು ಗುರುತು ಹಿಡಿದು, ಕುರ್ಚಿ ಹಾಕಿಸಿ, ಬಿಲ್ಲಿನ ಪುಸ್ತಕ ಮುಂದಿಟ್ಟು, "ನಮ್ದು ಬೇಟಿ ನಿಮ್ದು ಸೀರಿಯಲ್ ಬಿಡೋದೇ ಇಲ್ಲ ಮೇಡಂ. ಅವಳ್ದು ಹೆಸ್ರು ಹಾಕಿ, ಚೆನ್ನಾಗಿ ಓದು ಅಂತ ಬರ್ದು ಕೊಡಿ" ಎಂದರು. ನನಗೆ ಬೆವರು ಬಂತು. ಆಕೆಗೆ ಏನೂ ಆಗಲಿಲ್ಲ. ಪೆನ್ನನ್ನು ನನ್ನ ಕೈಗಿತ್ತು, "ನಮ್ಮಕ್ಕನ ಅಕ್ಷರ ಭಾಳ ಚೆಂದ ರೀ, ಅವರು ಬರೀತಾರ, ನಾ ಸಹಿ ಮಾಡ್ತೀನಿ" ಎಂದಳು. ಆ ಮಗುವಿಗೆ ಚೆನ್ನಾಗಿ ಓದು ಎಂದು ನಾನು ಬರೆದೆ. ಆಕೆ ಕೆಳಗೆ ತನ್ನ ರಂಗೋಲಿ ಬಿಡಿಸಿದಳು. ಹೊರಗೆ ಬಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ರಸ್ತೆಯಲ್ಲೇ ನಗು ಬಂದುಬಿಡುತ್ತಿತ್ತು.

ಈಗ ಆ ದೃಶ್ಯಕ್ಕೆ ಬರುತ್ತೇನೆ.

ದಿನವೂ ಬರುವ ಹೊಸ ಧಾರಾವಾಹಿ, ಆಕೆಗೆ ತಾಯಿಯ ಪಾತ್ರ. ಕಥೆ ಶುರುವಾಗುವಾಗಲೇ ಗಂಡ ಕಾಣೆಯಾಗಿರುತ್ತಾನೆ. ಈ ಪಾತ್ರ ಉಳಿದರೆ ವರ್ಷಗಟ್ಟಲೆ ಕೆಲಸ. ಆದರೆ ಅದರ ಡೈರೆಕ್ಟರು ಬಹಳ ಶಿಸ್ತಿನವರು. ಬೇರೆ ಕಡೆ ಕ್ಯಾಮೆರಾ ಪಕ್ಕ ನಿಂತು ಒಬ್ಬರು ಮಾತು ಹೇಳಿಕೊಡುತ್ತಾರಲ್ಲ, ಅದು ಅವರಲ್ಲಿ ಇಲ್ಲ. ಓದಿಕೊಂಡು ಬರಬೇಕು. ಮೊದಲ ಎರಡು ವಾರ ನೋಡಿ ಆಮೇಲೆ ಖಾಯಂ ಮಾಡುತ್ತೇನೆ ಎಂದಿದ್ದರಂತೆ.

ಎರಡನೆಯ ವಾರ ಠಾಣೆಯ ದೃಶ್ಯದ ಕಾಗದ ಬಂತು. ನಾನು ಓದುತ್ತಾ ಹೋದೆ. ಪೊಲೀಸಿನವನು ಗಂಡನ ಹೆಸರು ಕೇಳುತ್ತಾನೆ. ಅದರ ಕೆಳಗೆ ತಾಯಿ ಹೇಳಬೇಕಾದ ಹೆಸರು ಇತ್ತು. ಅದು ನಿಮ್ಮ ತಾತನ ಹೆಸರು.

ಅಲ್ಲಿಯವರೆಗೆ ಧಾರಾವಾಹಿಯಲ್ಲಿ ಮಕ್ಕಳು ಅಪ್ಪ ಎನ್ನುತ್ತಿದ್ದರು, ಉಳಿದವರು ಯಜಮಾನ್ರು ಎನ್ನುತ್ತಿದ್ದರು. ಹೆಸರು ಬಂದದ್ದು ಅದೇ ಮೊದಲು. ನನಗೆ ಮದುವೆಯಾದದ್ದು ಹದಿನೇಳಕ್ಕೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆ ಹೆಸರಿನ ದೇವರನ್ನೂ ನಾನು ಬೇರೆ ಹೆಸರಿನಿಂದಲೇ ಕರೆದವಳು. ಅವರು ಹೋದ ಮೇಲೆ ಮರಣ ಬರೆಸಲು ಕಚೇರಿಗೆ ಹೋದಾಗ ಗುಮಾಸ್ತರು ಹೆಸರು ಕೇಳಿದರು. ನಾನು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತೆ. ಕೊನೆಗೆ ನಿಮ್ಮಪ್ಪನ ಮುಖ ನೋಡಿದೆ. ಅವನು ಹೇಳಿದ.

ಕಾಗದ ಕೈಯಲ್ಲಿತ್ತು. ಶಾಲೆಯಲ್ಲಿ ಆದ ಹಾಗೇ ಆಯಿತು. ಅಕ್ಷರ ಗೊತ್ತು, ದನಿ ಇಲ್ಲ. ಆಕೆ ಕಾಳನ್ನು ಬೆರಳಲ್ಲಿ ಹಿಡಿದು ಕಾಯುತ್ತಿದ್ದಳು. ನಾನು ಹೇಳಿಬಿಟ್ಟೆ: "ಇಲ್ಲಿ ಮಾತಿಲ್ಲ. ಅವಳು ಹೆಸರು ಹೇಳಲ್ಲ. ಸೆರಗು ಸುತ್ಕೋತಾಳೆ, ಆಮೇಲೆ ಮಗನ ಕಡೆ ನೋಡ್ತಾಳೆ ಅಂತ ಇದೆ."

ಆಕೆ ಕಾಳನ್ನು ಕೆಳಗಿಡದೆ ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಮುಂದೆ ಓದಿದೆ.

ಮಾರನೆಯ ದಿನ ನಡೆದದ್ದನ್ನು ಆಕೆಯೇ ಹೇಳಿದ್ದು. ಕ್ಯಾಮೆರಾ ಓಡುತ್ತಿತ್ತು. ಪೊಲೀಸಿನವನು ಕೇಳಿದ. ಆಕೆ ನಾನು ಹೇಳಿದಂತೆಯೇ ಮಾಡಿದಳು. ಮಗನ ಪಾತ್ರದ ಹುಡುಗ ತಬ್ಬಿಬ್ಬಾಗಿ ನಿಂತ. ಡೈರೆಕ್ಟರು ನಿಲ್ಲಿಸಿದರು. ಅಮ್ಮಾ, ಹೆಸರು ಹೇಳಬೇಕು, ಪೇಪರಲ್ಲಿದೆಯಲ್ಲ, ಓದಿಲ್ವಾ ಎಂದರು. ಯಾರೋ ಕಾಗದ ತಂದು ಕೈಗೆ ಕೊಟ್ಟರು. ಸುತ್ತ ಎಲ್ಲರೂ ನೋಡುತ್ತಿದ್ದರು. ಕಲ್ಯಾಣ ನಗರದ ಬಂಗಲೆಯಲ್ಲಿ ನಕ್ಕಿದ್ದ ಲೈಟಿನವರಲ್ಲಿ ಒಬ್ಬ ಇಲ್ಲೂ ಇದ್ದ.

ಆಕೆ ಕಾಗದವನ್ನು ನೋಡಿದಳು. ಓದುವವರು ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಹೊತ್ತು. ನಾನು ಸಂಜೆಗಳಲ್ಲಿ ಓದುವಾಗ ಕಣ್ಣು ಹೇಗೆ ಎಡದಿಂದ ಬಲಕ್ಕೆ ಹೋಗುತ್ತದೆ, ಸಾಲಿನ ಕೊನೆಗೆ ಹೇಗೆ ಕೆಳಗಿಳಿಯುತ್ತದೆ ಎಂದು ಕಲಿತಿದ್ದಳಂತೆ, ಬೇಕಾದೀತು ಎಂದು. ಹಾಗೆ ನೋಡುತ್ತಲೇ ಯೋಚಿಸಿದಳು. ಅಕ್ಕಾರು ಸುಳ್ಳು ಹೇಳುವವರಲ್ಲ, ಹೇಳಿದ್ದಾರೆಂದರೆ ಹೇಳಲಾಗದ್ದು ಏನೋ ಇಲ್ಲಿದೆ. ಮೂರು ವರ್ಷದಲ್ಲಿ ಅಕ್ಕಾರು ಗಂಡನನ್ನು "ನಮ್ಮನೆಯವರು" ಎಂದದ್ದು ಬಿಟ್ಟು ಬೇರೆ ಕೇಳಿಲ್ಲ. ಕಾಗದವನ್ನು ಮಡಿಚುವಷ್ಟರಲ್ಲಿ ಆಕೆಗೆ ಎಲ್ಲವೂ ತಿಳಿದುಹೋಯಿತು. ಮಡಿಚಿ ವಾಪಸು ಕೊಟ್ಟು ಹೇಳಿದಳು:

"ಓದೀನ್ರಿ ಸರ. ಆದ್ರ ಈ ಹೆಣ್ಣಮಗಳು ಹೇಳಂಗಿಲ್ರಿ. ಲಗ್ನ ಆದಾಗಿಂದ ಹೇಳದಾಕಿ, ಪೊಲೀಸ್ರು ಕೇಳಿದ್ರ ಹೇಳ್ತಾಳೇನ್ರಿ? ಬಾಯಿ ತೆರೀತಾಳ. ಬರಂಗಿಲ್ಲ. ಮಗಾ ಹೇಳ್ಬೇಕ್ರಿ."

ಡೈರೆಕ್ಟರು ಇನ್ನೊಂದು ಸಲ ಹಾಗೇ ಮಾಡಿ ಎಂದರು. ಮಾಡಿದಳು. ಮುಗಿದ ಮೇಲೆ ಲೈಟಿನವನು ದೀಪ ಆರಿಸುವುದನ್ನು ಮರೆತಿದ್ದನಂತೆ. ಆಕೆಯನ್ನು ಅಂದೇ ಖಾಯಂ ಮಾಡಿದರು. ಮೊನ್ನೆ ಟಿವಿಯಲ್ಲಿ ಅದೇ ಡೈರೆಕ್ಟರು, ಸ್ಕ್ರಿಪ್ಟನ್ನು ಅವರಷ್ಟು ಆಳವಾಗಿ ಓದುವ ಕಲಾವಿದೆಯನ್ನು ನಾನು ನೋಡಿಲ್ಲ ಎಂದರಲ್ಲ, ನೀವು ಕೇಳಿರಬೇಕು.

ನನಗೆ ಇದೇನೂ ತಿಳಿಯದು. ಹಿಂದಿನ ಸಂಜೆಯಿಂದ ಅನ್ನ ಸೇರಿರಲಿಲ್ಲ. ಬೆಳಿಗ್ಗೆ ಎದ್ದು ನಿಜ ಹೇಳೋಣವೆಂದು ಹಿತ್ತಲಿಗೆ ಹೋಗುವಷ್ಟರಲ್ಲಿ ಶೂಟಿಂಗಿನ ವ್ಯಾನು ಬಂದು ಕರೆದುಕೊಂಡು ಹೋಗಿತ್ತು. ದಿನವೆಲ್ಲ ಗೇಟಿನ ಕಡೆ ನೋಡುತ್ತಾ ಕೂತಿದ್ದೆ. ಆಕೆ ಬಂದಾಗ ಮುಖದಲ್ಲಿ ಬಣ್ಣ ಹಾಗೇ ಇತ್ತು. ಮತ್ತೆ ಹೊರಗೆ ಹಾಕಿದರು, ನಾನೇ ಹಾಕಿಸಿದೆ ಎಂದುಕೊಂಡೆ. ಆಕೆ ಜಗಲಿಯ ಮೇಲೆ ಕೂತು, ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಕೇಳಿದಳು: "ಕಾಗದದಾಗ ಹೆಸ್ರಿತ್ತಲ್ರೀ?"

ಇತ್ತು ಎಂದೆ. ತಪ್ಪಾಯಿತು ಎಂದೆ. ಬೈಯುತ್ತಾಳೆಂದು ಕಾದೆ. ಆಕೆ ಕೇಳಿದ್ದು ಬೇರೆ. "ನಿಮ್ಮ ಮನಿಯವರ ಹೆಸ್ರು ಏನ್ರಿ ಅಕ್ಕಾರ?"

ನಾನು ಯೋಚನೆ ಮಾಡದೆ ಗೇಟಿನ ಕಂಬದ ಕಡೆ ಕೈ ತೋರಿಸಿದೆ. ಅಲ್ಲಿ ಕಲ್ಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಅವರ ಹೆಸರು ಕೆತ್ತಿದೆಯಲ್ಲ. ಆಕೆ ಮೂರು ವರ್ಷದಿಂದ ದಿನವೂ ಅದರ ಪಕ್ಕದಲ್ಲೇ ಓಡಾಡಿದವಳು. ಕಲ್ಲನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಗ ನನಗೆ ಆದ ಸಂಕಟವನ್ನು ಹೇಗೆ ಬರೆಯಲಿ? ನನ್ನ ನಾಚಿಕೆಗಾಗಿ ಆಕೆಯ ಅನ್ನಕ್ಕೆ ಕಲ್ಲು ಹಾಕಿದ್ದೆ. ಈಗ ಮತ್ತೆ ಆಕೆಗೆ ಓದಲಾಗದ ಕಲ್ಲನ್ನೇ ತೋರಿಸುತ್ತಿದ್ದೆ.

ಕೈ ಇಳಿಸಿ, ಕಣ್ಣು ಮುಚ್ಚಿಕೊಂಡು ಹೇಳಿದೆ. ಗೋಪಾಲ.

ನನ್ನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಅವರು ಬದುಕಿದ್ದಾಗ ಅದನ್ನು ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ. ಆಕೆ ಸೆರಗು ಹೊದ್ದುಕೊಂಡು, ರಂಗಕ್ಕೆ ಹತ್ತುವ ಮುನ್ನ ನಾಟಕದವರು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಹಾಗೆ ನಮ್ಮ ಜಗಲಿಯ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆಮೇಲೆ ಕಥೆ ಬರೆಯುವವರು ಆ ದೃಶ್ಯವನ್ನೇ ಹಿಡಿದುಕೊಂಡರು. ತಾಯಿ ಎಂದೂ ಗಂಡನ ಹೆಸರು ಹೇಳುವುದಿಲ್ಲ. ತಿಂಗಳುಗಳಾದ ಮೇಲೆ ಒಂದು ದಿನ ಬಸ್ ನಿಲ್ದಾಣದ ಜನದ ನಡುವೆ ದೂರದಲ್ಲಿ ಅವನ ಬೆನ್ನು ಕಾಣುತ್ತದೆ. ಆಗ ಮೊದಲ ಸಲ ಹೆಸರು ಹಿಡಿದು ಕೂಗುತ್ತಾಳೆ. ಆ ಕಾಗದವನ್ನು ನಾನು ಒಂದಕ್ಷರ ಬಿಡದೆ ಓದಿದೆ. ಹೆಸರು ಬಂದ ಕಡೆಯೂ ನಿಲ್ಲಲಿಲ್ಲ. ಆದರೆ ಆಕೆಗೆ ಸಾಕಾಗಲಿಲ್ಲ. ತನಗೆ ಲಗ್ನವಾಗಿಲ್ಲ, ಎಂದೂ ಹೇಳದವಳು ಕೂಗಿದರೆ ಹೇಗಿರುತ್ತದೋ ತನ್ನ ಕಿವಿಗೆ ಗೊತ್ತಿಲ್ಲ ಎಂದಳು. ನನ್ನನ್ನು ಹಿತ್ತಲಿನ ಈ ತುದಿಯಲ್ಲಿ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ತಾನು ಆ ತುದಿಯ ಗೋಡೆಗೆ ಹೋಗಿ ಬೆನ್ನು ಮಾಡಿ ನಿಂತಳು.

ನಾನು ಕರೆದೆ. ನನಗೇ ಕೇಳಲಿಲ್ಲ.

"ನಾ ಕಡೀ ಸಾಲಿನ್ಯಾಗ ಕುಂತೀನ್ರಿ. ಹೊಲದಿಂದ ಬಂದೀನಿ, ನಿದ್ದಿ ಬಂದೈತಿ," ಎಂದಳು, ತಿರುಗದೆ.

ಇನ್ನೊಮ್ಮೆ ಕರೆದೆ. ಆಕೆ ಗೊರಕೆ ಹೊಡೆದಳು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ನಿಮ್ಮ ತಾತ ಆ ಗೇಟಿನಿಂದ ಬೆಳಿಗ್ಗೆ ಕಾರ್ಖಾನೆಗೆ ಹೋಗುವಾಗ ಊಟದ ಡಬ್ಬಿ ಮರೆತು ಹೋಗುತ್ತಿದ್ದರು. ನಾನು ಹೆಸರು ಕರೆಯಲಾಗದೆ, ರೀ ಎಂದರೆ ಬೀದಿಯ ಗಂಡಸರೆಲ್ಲ ತಿರುಗುತ್ತಾರೆಂದು, ಡಬ್ಬಿ ಹಿಡಿದು ಹಿಂದೆ ಓಡುತ್ತಿದ್ದೆ. ಎಷ್ಟೋ ದಿನ ಬಸ್ಸು ಹೊರಟುಹೋಗಿರುತ್ತಿತ್ತು. ಅದು ನೆನಪಾಯಿತು. ಬಾಯಿ ತೆರೆದೆ. ಮೊದಲರ್ಧ ಒಡೆದುಹೋಯಿತು. ಉಳಿದರ್ಧ ನನ್ನದಲ್ಲದ ದನಿಯಲ್ಲಿ ಹೊರಟು ಬೀದಿಗೆ ಹೋಯಿತು.

ತನ್ನ ಕೋಣೆಯ ಬಾಗಿಲಲ್ಲಿ ಕೂತಿದ್ದ ಮರಗದಮ್ಮ ಹೂವಿನ ಸಮೇತ ಎದ್ದು ನಿಂತಳು. "ಐಯೋ ಅಕ್ಕಾ, ಐಯಾ ಹೆಸ್ರು ಹೇಳಿ ಕೂಗ್ತಾ ಇದೀಯ? ತಲೆ ಗಿಲೆ ಸರಿ ಇದ್ಯಾ?"

ಆಕೆ ತಿರುಗಿದಳು. ಎರಡು ಕೆನ್ನೆಯೂ ಒದ್ದೆಯಾಗಿದ್ದವು. "ಸುಮ್ನಿರವ್ವಾ," ಎಂದಳು ಮರಗದಮ್ಮನಿಗೆ. "ಕಡೀ ಸಾಲು ಎದ್ದು ಕುಂತೈತಿ."

ಟಿವಿಯಲ್ಲಿ ಆ ದೃಶ್ಯ ಬಂದ ದಿನ ಹಲಸೂರಿನಲ್ಲಿ ಎಷ್ಟು ಮನೆಗಳಲ್ಲಿ ಅತ್ತರೋ ತಿಳಿಯದು. ನಾನು ಅಳಲಿಲ್ಲ. ಬೆರಗಾಗಿ ನೋಡುತ್ತಾ ಕೂತೆ. ಅದೇ ಒಡೆದ ಅರ್ಧ, ಅದೇ ಉಳಿದರ್ಧ. ನನ್ನ ಎದೆಯಲ್ಲಿದ್ದುದನ್ನು ಆಕೆ ಅವರೆಕಾಳಿನ ಹಾಗೆ ಸುಲಿದು ತೆಗೆದಿದ್ದಳು, ಕಾಳಿಗೆ ಉಗುರು ತಾಗದ ಹಾಗೆ. ನಿಮ್ಮಪ್ಪ ಮಾತ್ರ ನನ್ನನ್ನು ಒಂದು ಸಲ ತಿರುಗಿ ನೋಡಿ, ಅಮ್ಮಾ, ಕಾಫಿ ಮಾಡ್ಲಾ ಎಂದು ಕೇಳಿದ.

ಆಮೇಲೆ ಆಕೆ ಕೆ.ಆರ್. ಪುರದ ಕಡೆ ಸ್ವಂತ ಮನೆ ಕಟ್ಟಿಕೊಂಡಳು. ಆದರೆ ಕಾಗದಗಳನ್ನು ನಮ್ಮ ಮನೆಗೇ ಹಾಕಲು ಹೇಳಿದ್ದಳು. ಸಂಜೆ ಐದಕ್ಕೆ ಫೋನು ಬರುತ್ತಿತ್ತು. ಸಿಂಚನಾ, ಅಜ್ಜಿ ಫೋನಿನಲ್ಲಿ ಯಾರಿಗೋ ಪಾಠ ಓದಿಸುತ್ತಾರೆ ಎಂದು ನೀನು ನಿನ್ನ ಗೆಳತಿಗೆ ಹೇಳುತ್ತಿದ್ದೆ. ಅದು ಅದೇ. ಆಕೆ ಆ ಕಡೆ ಕಾಳು ಜೋಡಿಸುವ ಸದ್ದು ನನಗೆ ಕೇಳುತ್ತಿತ್ತು. ಹತ್ತು ವರ್ಷ ನಡೆಯಿತು. ಯಾರಿಗೂ ತಿಳಿಯಲಿಲ್ಲ.

ಕಾಯಿಲೆಯಾಗಿ ಪಾತ್ರಗಳು ನಿಂತ ಮೇಲೂ ಐದಕ್ಕೆ ಫೋನು ತಪ್ಪಲಿಲ್ಲ. ಹಳೆಯ ಯಾವುದಾದರೂ ಕಾಗದ ಓದಿ ಎನ್ನುತ್ತಿದ್ದಳು. ನಾನು ಓದಿದರೆ ಮುಂದಿನ ಮಾತನ್ನು ನನಗಿಂತ ಮೊದಲೇ ಹೇಳುತ್ತಿದ್ದಳು. ಕೊನೆಯ ಸಲ, ಕಾಗದ ಬ್ಯಾಡ್ರಿ, ನಿಮ್ಮದ ಏನರ ಹೇಳ್ರಿ ಎಂದಳು. ಏನು ಹೇಳುವುದೆಂದು ತೋಚದೆ ಶಾಲೆಯಲ್ಲಿ ತನಿಖೆಯ ಸಾಹೇಬರ ಮುಂದೆ ದನಿ ಹೊರಡದೆ ನಿಂತದ್ದನ್ನು ಹೇಳಿದೆ. ಆ ಪಾಠ ಈಗ ನೆನಪಿದೆಯೇ ಎಂದು ಕೇಳಿದಳು. ಇತ್ತು. ಓದ್ರಿ ಎಂದಳು. ನಾನು ಎದ್ದು ನಿಂತೆ, ಯಾಕೋ ಕೂತು ಓದಬಾರದೆನ್ನಿಸಿತು. ಫೋನು ಹಿಡಿದುಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದೆ. ಆಮೇಲೆ ಆಕೆ, "ಕಡೀ ಸಾಲಿಗೆ ಕೇಳಿಸ್ತ್ರಿ ಅಕ್ಕಾರ" ಎಂದಳು. ದನಿ ಎಷ್ಟು ಸಣ್ಣಗಾಗಿತ್ತೆಂದರೆ, ನಡುಮನೆಯಲ್ಲಿದ್ದ ನಿಮ್ಮಪ್ಪನಿಗಿರಲಿ, ನನಗೇ ಕಷ್ಟದಲ್ಲಿ ಕೇಳಿತು.

ಮಕ್ಕಳೇ, ಅಟ್ಟದ ಮೇಲೆ ನನ್ನ ಚೀಲದಲ್ಲಿ ಆ ಠಾಣೆಯ ದೃಶ್ಯದ ಕಾಗದವಿದೆ. ಹೆಸರಿನ ಪಕ್ಕದಲ್ಲಿ ಅರಿಶಿನದ ಒಂದು ಕಲೆ ಕಾಣುತ್ತದೆ. ನಾನು ಓದಲಾರದೆ ಬೆರಳು ಒತ್ತಿ ಹಿಡಿದ ಜಾಗ ಅದು. ಅದನ್ನೂ ಈ ಹಾಳೆಗಳನ್ನೂ ಒಂದೇ ಕಡೆ ಇಟ್ಟು ಕಾಪಾಡಿ. ಆಕೆಗೆ ಓದಲು ಬರುತ್ತಿರಲಿಲ್ಲ ಎನ್ನುವುದು ಮನೆಯಿಂದ ಆಚೆ ಹೋಗದಿರಲಿ, ಆಕೆ ಅಷ್ಟು ಕಷ್ಟಪಟ್ಟು ಕಾಯ್ದ ಮಾನ ಅದು. ನಾನು ಇಲ್ಲದಾಗ ಎಂದಾದರೂ ಇದನ್ನು ಒಬ್ಬರಿಗೊಬ್ಬರು ಓದಿ ಹೇಳಿ. ಉಪ್ಪು ಹಾಕಬೇಡಿ, ಇದ್ದ ಹಾಗೆ ಓದಿ. ನಿಮ್ಮ ತಾತನ ಹೆಸರು ಬಂದ ಕಡೆ ಮಾತ್ರ, ಯಾರು ಕೇಳಿಸಿಕೊಂಡರೂ ಪರವಾಗಿಲ್ಲ, ದನಿ ಎತ್ತಿ ಓದಿ.